ರಾಜರ ಕಣಿವೆಯಲ್ಲಿ ಕಥೆ ಹೊರಗೆ, ನೋಟ ಒಳಗೆ

ಈಜಿಪ್ಟಿನ ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಡ ಸುತ್ತೋಕೆ ನಾವು ಬಸ್ ಟೂರ್ ಹಿಡಿಯಲಿಲ್ಲ. ಲೈಸೆನ್ಸ್ ಇರುವ ಒಬ್ಬ ಗೈಡ್, ಒಂದು ಕಾರು, ಅಷ್ಟೇ. ಹಿಂದಿನ ರಾತ್ರಿಯೇ ಅವರಿಗೆ ಹೇಳಿಬಿಟ್ಟೆ: ಪಪೈರಸ್ ಅಂಗಡಿ, ಕಲ್ಲಿನ ಹೂದಾನಿ ಅಂಗಡಿ ಯಾವುದೂ ಬೇಡ. ನಕ್ಕು ಒಪ್ಪಿದರು. 'ಇಂಡಿಯಾ? ಅಮಿತಾಭ್ ಬಚ್ಚನ್!' ಅಂತ ಸೇರಿಸಿದರು. ಈ ಮಾತು ಅಲ್ಲಿ ದಿನವಿಡೀ ಕೇಳುತ್ತೆ.

ಪ್ರಾಚೀನ ಈಜಿಪ್ಟಿನ ರಾಜರ ಸಮಾಧಿಗಳಿರುವ ರಾಜರ ಕಣಿವೆ ಬೆಳಿಗ್ಗೆ 6ಕ್ಕೆ ತೆರೆಯುತ್ತೆ. ಆಗಲೇ ಹೋಗಿಬಿಡಿ, ಆಮೇಲೆ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ಮಾಮೂಲಿ ಟಿಕೆಟ್‌ಗೆ 3 ಸಮಾಧಿ. ತುತಂಖಾಮನ್, ಒಂದನೇ ಸೇತಿ, ಆರನೇ ರಾಮ್ಸೆಸ್ ರಾಜರ ಸಮಾಧಿ ನೋಡಲು ಬೇರೆ ಟಿಕೆಟ್. ನಾನು ತುತಂಖಾಮನ್‌ನನ್ನು ಬಿಟ್ಟೆ. 1922ರಲ್ಲಿ ಪುರಾತತ್ವಜ್ಞ ಹೊವರ್ಡ್ ಕಾರ್ಟರ್‌ಗೆ ಸಿಕ್ಕ ಆ ಸಮಾಧಿಯ ಹೆಸರು ದೊಡ್ಡದು, ಜಾಗ ಚಿಕ್ಕದು. ಅಲ್ಲಿದ್ದ ಚಿನ್ನ ಈಗ ಕೈರೋ ಪಕ್ಕದ ಗೀಜಾದ ಮ್ಯೂಸಿಯಂ ಸೇರಿದೆ.

ಸಮಾಧಿಯೊಳಗೆ ಗೈಡ್‌ಗಳು ವಿವರಣೆ ಕೊಡುವಂತಿಲ್ಲ. ಹಾಗಾಗಿ ನಮ್ಮವರು ಹೊರಗೆ ನೆರಳಲ್ಲಿ ಕೂರಿಸಿ, ಫೋಟೋ ತೋರಿಸಿ ಕಥೆ ಹೇಳಿದರು. 'ಒಳಗೆ ಏನನ್ನು ನೋಡದೆ ಬರಬಾರದು?' ಅಂತ ಪ್ರತಿ ಸಲ ಕೇಳಿಕೊಂಡೇ ಇಳಿದೆ. ಮೂರನೇ ರಾಮ್ಸೆಸ್‌ನ ಸಮಾಧಿಯಲ್ಲಿ ದಾರಿ ನಡುವೆಯೇ ಪಕ್ಕಕ್ಕೆ ಸರಿಯುತ್ತೆ. ಅಗೆಯುತ್ತಾ ಹೋದವರು ಪಕ್ಕದ ಅಮೆನ್‌ಮೆಸ್ಸೆ ಎಂಬ ರಾಜನ ಸಮಾಧಿಗೆ ತೂತು ಕೊರೆದುಬಿಟ್ಟಿದ್ದರಂತೆ! ಗೊತ್ತಿಲ್ಲದಿದ್ದರೆ ಸುಮ್ನೆ ದಾಟಿ ಹೋಗುತ್ತಿದ್ದೆ.

ಆರನೇ ರಾಮ್ಸೆಸ್‌ನ ಸಮಾಧಿಯಲ್ಲಿ ಕತ್ತೆತ್ತಿ ನಿಂತವನು ಇಳಿಸಲೇ ಇಲ್ಲ. ಚಾವಣಿಯುದ್ದಕ್ಕೂ ಆಕಾಶದೇವಿ ನುತ್, ಬೆನ್ನಿಗೆ ಬೆನ್ನು ತಾಗಿಸಿ ಎರಡು ಸಲ. ಸಂಜೆ ಸೂರ್ಯನನ್ನು ನುಂಗುತ್ತಾಳೆ, ಬೆಳಗಾದರೆ ಹೆರುತ್ತಾಳೆ. ಮೈಯೊಳಗೆ ಸಾಗುವ ಕೆಂಪು ಬಿಂಬಗಳನ್ನು ಒಂದೊಂದಾಗಿ ಹಿಂಬಾಲಿಸಬಹುದು. ಕಾವಲಿನವರು ಟಾರ್ಚ್ ಬಿಟ್ಟು ಮೂಲೆ ತೋರಿಸಲು ಬರುತ್ತಾರೆ. ಬಕ್ಷೀಸಿಗೆ ಚಿಲ್ಲರೆ ಇರಲಿ, ಬೇಡವಾದರೆ ತಲೆಯಾಡಿಸಿದರೆ ಸಾಕು.

ಈಜಿಪ್ಟ್ ಆಳಿದ ರಾಣಿ ಹತ್‌ಶೆಪ್ಸುತ್‌ಳ ದೇವಾಲಯ ದೂರದಿಂದಲೇ ಚೆಂದ. ಹತ್ತಿರ ಹೋದರೆ ಪುಂಟ್ ಎಂಬ ಪ್ರಾಚೀನ ದೇಶದಿಂದ ಬೇರು ಸಮೇತ ಬುಟ್ಟಿಯಲ್ಲಿ ಹೊತ್ತು ತರುತ್ತಿರುವ ಮರಗಳ ಕೆತ್ತನೆ ಹುಡುಕಿ.

ಜನ ನೋಡದೆ ಬಿಟ್ಟುಬಿಡುವ ಜಾಗ ಮೆದಿನೆತ್ ಹಬು ದೇವಾಲಯ. ನನಗೆ ಅದೇ ಹೆಚ್ಚು ಹಿಡಿಸಿತು. ಮೂರನೇ ರಾಮ್ಸೆಸ್ ಕಟ್ಟಿಸಿದ್ದು. ಅಕ್ಷರಗಳನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆ ಅಂದರೆ ಗುಬ್ಬಿಗಳು ಕೂರಬಹುದು. ಒಂದು ಗೋಡೆಯಲ್ಲಿ ಸತ್ತ ಶತ್ರುಗಳ ಕತ್ತರಿಸಿದ ಕೈಗಳ ರಾಶಿ, ಪಕ್ಕದಲ್ಲಿ ಎಣಿಸಿ ಬರೆದುಕೊಳ್ಳುತ್ತಿರುವ ಗುಮಾಸ್ತರು. ಯುದ್ಧಕ್ಕೂ ಲೆಕ್ಕಪತ್ರ ಬೇಕಲ್ವಾ!

ಮೆಮ್ನಾನ್ ಎಂಬ ಎರಡು ಬೃಹತ್ ಪ್ರತಿಮೆಗಳಿಗೆ ಹತ್ತು ನಿಮಿಷ ಸಾಕು, ಟಿಕೆಟ್ ಬೇಕಿಲ್ಲ. ಆದರೆ ಪೂರ್ವ ದಡದ ಕಾರ್ನಾಕ್ ದೇವಾಲಯವನ್ನು ಅದೇ ದಿನಕ್ಕೆ ತುರುಕಬೇಡಿ. ಅಲ್ಲಿನ 134 ಕಂಬಗಳ ಮಂಟಪಕ್ಕೇ ಒಂದು ಬೆಳಿಗ್ಗೆ ಬೇಕು.