ಪ್ರಕೃತಿ–ಪ್ರತ್ಯಯಗಳನ್ನು ಮಿದುಳು ಬಿಡಿಸಿಕೊಳ್ಳುವ ಬಗೆಯನ್ನು ಪರೀಕ್ಷಿಸುವುದು ಹೇಗೆ

‘ಜಾಣತನ’ ಎಂಬ ಪದವನ್ನು ಓದುವಾಗ ಮಿದುಳು ಅದನ್ನು ಇಡಿಯಾಗಿ ಗುರುತಿಸುತ್ತದೆಯೋ, ‘ಜಾಣ’ ಎಂಬ ಪ್ರಕೃತಿ (ಮೂಲಪದ) ಮತ್ತು ‘ತನ’ ಎಂಬ ಪ್ರತ್ಯಯ ಎಂದು ಬಿಡಿಸಿಕೊಳ್ಳುತ್ತದೆಯೋ ಎಂಬುದನ್ನು ಒಂದು ಕಂಪ್ಯೂಟರ್ ಮತ್ತು ವೇಳೆಯನ್ನು ಮಿಲಿಸೆಕೆಂಡುಗಳಲ್ಲಿ ದಾಖಲಿಸುವ ತಂತ್ರಾಂಶ ಇದ್ದರೆ ಪರೀಕ್ಷಿಸಬಹುದು.

ಪರದೆಯ ಮೇಲೆ ಅರ್ಧ ಸೆಕೆಂಡ್ ಹ್ಯಾಶ್ ಚಿಹ್ನೆಗಳ ಸಾಲನ್ನು ತೋರಿಸಿ, ಬಳಿಕ ‘ಜಾಣತನ’ ಎಂಬ ಸುಳಿವುಪದವನ್ನು ಸುಮಾರು 50 ಮಿಲಿಸೆಕೆಂಡ್ ಮಾತ್ರ ಮಿಂಚಿಸಿ, ಕೂಡಲೇ ಅದೇ ಜಾಗದಲ್ಲಿ ‘ಜಾಣ’ ಎಂಬ ಗುರಿಪದವನ್ನು ತೋರಿಸಬೇಕು. ಅದು ನಿಜವಾದ ಪದವೇ ಅಲ್ಲವೇ ಎಂಬುದನ್ನು ಓದುಗರು ಗುಂಡಿ ಒತ್ತಿ ತಿಳಿಸುತ್ತಾರೆ. ಆದ್ದರಿಂದ ಗುರಿಪದಗಳಲ್ಲಿ ಅರ್ಧದಷ್ಟು ಅರ್ಥವಿಲ್ಲದ ಹುಸಿಪದಗಳಿರಬೇಕು. ಸುಳಿವುಪದದಿಂದ ‘ಜಾಣ’ವನ್ನು ಮಿದುಳು ಬಿಡಿಸಿಕೊಂಡಿದ್ದರೆ ಗುರಿಪದಕ್ಕೆ ಉತ್ತರ ಬೇಗ ಬರಬೇಕು; ತಂತ್ರಾಂಶ ದಾಖಲಿಸುವುದು ಆ ವೇಳೆಯನ್ನೇ. 60 ಹರ್ಟ್ಸ್ ಪರದೆಯಲ್ಲಿ ಮೂರು ಫ್ರೇಮ್‌ಗಳಿಗೆ 50 ಮಿಲಿಸೆಕೆಂಡ್ ಆಗುತ್ತದೆ. ಇಂಗ್ಲಿಷಿನಲ್ಲಿ ಸುಳಿವನ್ನು ಚಿಕ್ಕಕ್ಷರದಲ್ಲೂ ಗುರಿಯನ್ನು ದೊಡ್ಡಕ್ಷರದಲ್ಲೂ ತೋರಿಸುವ ರೂಢಿಯಿದೆ. ಕನ್ನಡ ಲಿಪಿಯಲ್ಲಿ ಆ ಭೇದವಿಲ್ಲದ ಕಾರಣ ಎರಡರ ಗಾತ್ರವನ್ನು ಬೇರೆಯಾಗಿಡಬೇಕು.

ಹೆಚ್ಚಿನ ಶ್ರಮ ಬೇಕಾಗುವುದು ಪದಗಳ ಆಯ್ಕೆಗೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಪ್ರಕೃತಿ–ಪ್ರತ್ಯಯಗಳ ಗಡಿ ‘ರ’ ಎಂಬ ಒಂದೇ ಅಕ್ಷರದೊಳಗೆ ಬೀಳುತ್ತದೆ. ‘ಜಾಣತನ’, ‘ಓಟಗಾರ’ಗಳಲ್ಲಿ ಗಡಿ ಅಕ್ಷರದ ಅಂಚಿನಲ್ಲೇ ಇದೆ. ಈ ಎರಡು ಬಗೆಗಳನ್ನು ಬೆರೆಸಿದರೆ ಫಲಿತಾಂಶ ಏನನ್ನು ಹೇಳುತ್ತಿದೆಯೆಂದು ತಿಳಿಯುವುದು ಕಷ್ಟ. ಮೊದಲು ಎರಡನೆಯ ಬಗೆಯನ್ನಷ್ಟೇ ಪರೀಕ್ಷಿಸುವುದು ಒಳಿತು. ಅಕ್ಷರಗಳು ಮಾತ್ರ ಹೋಲುವ, ಪ್ರತ್ಯಯವಿಲ್ಲದ ‘ಕರಡಿ–ಕರ’ದಂತಹ ಜೋಡಿಗಳೂ ಬೇಕು. 2004ರಲ್ಲಿ ಸಂಶೋಧಕರಾದ ಕ್ಯಾಥ್ಲೀನ್ ರಾಸಲ್, ಮ್ಯಾಟ್ ಡೇವಿಸ್ ಮತ್ತು ಬೋರಿಸ್ ನ್ಯೂ ಅವರು ಇಂಗ್ಲಿಷಿನಲ್ಲಿ, ಕೊನೆಯ ‘ಅರ್’ ಪ್ರತ್ಯಯದಂತೆ ಕಾಣುವ ‘ಕಾರ್ನರ್’ (ಮೂಲೆ) ಎಂಬ ಪದವು ಅರ್ಥಸಂಬಂಧವಿಲ್ಲದಿದ್ದರೂ ‘ಕಾರ್ನ್’ (ಜೋಳ) ಪದದ ಗುರುತಿಸುವಿಕೆಯನ್ನು ಚುರುಕುಗೊಳಿಸುತ್ತದೆಂದು ತೋರಿಸಿದರು. ತೋರಿಕೆಗೆ ಪ್ರತ್ಯಯವಿದ್ದರೆ ಸಾಕು, ಓದಿನ ಆರಂಭದಲ್ಲೇ ಮಿದುಳು ಪದವನ್ನು ಬಿಡಿಸಲು ತೊಡಗುತ್ತದೆ ಎಂಬುದು ಅದರ ಸೂಚನೆ. ಇದಕ್ಕೆ ಕನ್ನಡದಲ್ಲಿ ‘ಗುಳಿಗೆ–ಗುಳಿ’ ಜೋಡಿ ಹೊಂದುವಂತೆ ಕಂಡರೂ ಅದನ್ನು ಬಳಸಬಾರದು, ಏಕೆಂದರೆ ‘ಗುಳಿಗೆ’ ಎಂಬುದು ‘ಗುಳಿ’ಯ ಚತುರ್ಥೀ ರೂಪವೂ ಹೌದು.

ಪ್ರತಿ ಗುರಿಪದವನ್ನು ಸಂಬಂಧವಿಲ್ಲದ ಸುಳಿವಿನೊಂದಿಗೂ ಪರೀಕ್ಷಿಸಬೇಕು. ಆದರೆ ಒಬ್ಬರಿಗೆ ಒಂದು ಗುರಿಪದ ಒಮ್ಮೆ ಮಾತ್ರ ಕಾಣುವಂತೆ ಎರಡು ಪಟ್ಟಿಗಳನ್ನು ಮಾಡಬೇಕು. ತಪ್ಪು ಉತ್ತರಗಳನ್ನು ಬಿಟ್ಟು, ಸಂಬಂಧವಿಲ್ಲದ ಸುಳಿವಿನ ನಂತರದ ಸರಾಸರಿ ವೇಳೆಯಿಂದ ಸಂಬಂಧವಿರುವ ಸುಳಿವಿನ ನಂತರದ ವೇಳೆಯನ್ನು ಕಳೆಯಬೇಕು. ‘ಜಾಣತನ’ದ ಗುಂಪಿನಲ್ಲಿ ವೇಳೆಯ ಉಳಿತಾಯ ಕಂಡು ‘ಕರಡಿ’ಯ ಗುಂಪಿನಲ್ಲಿ ಕಾಣದಿದ್ದರೆ, ಅದಕ್ಕೆ ಅಕ್ಷರಗಳ ಹೋಲಿಕೆಯೊಂದೇ ಕಾರಣವಲ್ಲವೆಂದು ಹೇಳಬಹುದು. ಕೊನೆಯಲ್ಲಿ, ಮಿಂಚಿದ ಪದ ಕಣ್ಣಿಗೆ ಬಿತ್ತೇ ಎಂದು ಪ್ರತಿಯೊಬ್ಬರನ್ನೂ ಕೇಳಿ, ಕಂಡಿತೆಂದವರ ದತ್ತಾಂಶವನ್ನು ಬೇರೆಯಾಗಿ ಪರಿಶೀಲಿಸಬೇಕು.