ಒಂದೇ ಚೌಕಟ್ಟಿನಲ್ಲಿ ಎರಡು ಎಂಜಿನ್: ನೀಲಗಿರಿಯ ಎಕ್ಸ್ ವರ್ಗದ ಉಗಿ ಎಂಜಿನ್ನಿನ ಮಾದರಿಯನ್ನು ನಾನು ಕಟ್ಟಿದ ಬಗೆ

ಮೆಟ್ಟುಪಾಳ್ಯದಿಂದ ಊಟಿಗೆ ಹೋಗುವ ನೀಲಗಿರಿ ಪರ್ವತ ರೈಲಿನ ಎಕ್ಸ್ ವರ್ಗದ ಉಗಿ ಎಂಜಿನ್ನನ್ನು ಹಿತ್ತಾಳೆಯಲ್ಲಿ ಕಟ್ಟಬೇಕೆಂದು ನಿರ್ಧರಿಸಿದಾಗ, ಬಾಯ್ಲರ್, ಹೊಗೆ ಕೊಳವೆ, ರಿವೆಟ್ಟುಗಳ ಸಾಲು ಇವೆಲ್ಲ ಎಷ್ಟೇ ಚೆನ್ನಾಗಿ ಮೂಡಿಬಂದರೂ, ಮೇಲಿನ ಮತ್ತು ಕೆಳಗಿನ ಸಿಲಿಂಡರುಗಳ ಚಲನೆ ಸರಿಯಾಗದಿದ್ದರೆ ಅದು ಆ ಎಂಜಿನ್ನಿನ ಮಾದರಿಯಾಗುವುದಿಲ್ಲ ಎಂಬುದು ನನಗೆ ಮೊದಲೇ ಸ್ಪಷ್ಟವಾಗಿತ್ತು. ಆದ್ದರಿಂದ ಹೊರಕವಚವನ್ನು ಕೊನೆಗೆ ಬಿಟ್ಟು ಯಂತ್ರಭಾಗದಿಂದಲೇ ಕೆಲಸ ಆರಂಭಿಸಿದೆ.

ಹೀಗೇಕೆಂದು ತಿಳಿಯಲು ಮೂಲ ಎಂಜಿನ್ನಿನ ರಚನೆಯನ್ನು ನೋಡಬೇಕು. 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಊಟಿಯವರೆಗೂ ತೆರೆದ ಈ 46 ಕಿಲೋಮೀಟರ್ ಮಾರ್ಗದಲ್ಲಿ ಕಲ್ಲಾರಿನಿಂದ ಕೂನೂರಿನವರೆಗಿನ ಏರು ಬಹಳ ಕಡಿದಾಗಿದ್ದು, ಕೆಲವೆಡೆ ಸುಮಾರು 12 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಏರಬೇಕಾಗುತ್ತದೆ. ಮಳೆಯಲ್ಲಿ ನೆನೆದ ಹಳಿಯ ಮೇಲೆ ಉಕ್ಕಿನ ಚಕ್ರದ ಹಿಡಿತವನ್ನೇ ನಂಬಿ ಇಂಥ ಏರನ್ನು ಹತ್ತಲಾಗದು, ಇಳಿಯುವುದಂತೂ ಇನ್ನೂ ಅಪಾಯಕರ. ಅದಕ್ಕಾಗಿ ಎರಡು ಹಳಿಗಳ ನಡುವೆ ಅಬ್ಟ್ ಪದ್ಧತಿಯ ಹಲ್ಲುಪಟ್ಟಿಗಳನ್ನು ಹಾಸಲಾಗಿದೆ. ಒಂದು ಪಟ್ಟಿಯ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವಂತೆ ಎರಡು ಪಟ್ಟಿಗಳು ಅಕ್ಕಪಕ್ಕದಲ್ಲಿರುವುದರಿಂದ, ಎಂಜಿನ್ನಿನ ಪಿನಿಯನ್, ಅಂದರೆ ಈ ಪಟ್ಟಿಗಳನ್ನು ಕಚ್ಚಿಕೊಳ್ಳುವ ಹಲ್ಲಿನ ಚಕ್ರ, ಯಾವ ಕ್ಷಣದಲ್ಲೂ ಹಿಡಿತ ತಪ್ಪದೆ ಉರುಳುತ್ತದೆ.

ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ನಗರದ ಎಸ್‌ಎಲ್‌ಎಂ ಕಾರ್ಖಾನೆ 1914ರಿಂದ ಇಲ್ಲಿಗಾಗಿ ಕಟ್ಟಿಕೊಟ್ಟ ಎಕ್ಸ್ ವರ್ಗದ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳಿವೆ. ಪ್ರತಿ ಬದಿಯಲ್ಲೂ ಕೆಳಗೆ ಹೆಚ್ಚಿನ ಒತ್ತಡದ್ದೊಂದು, ಅದರ ಮೇಲೆ ಕಡಿಮೆ ಒತ್ತಡದ್ದೊಂದು. ಕೆಳಗಿನವು ಎಂಟು ಜೋಡಿತ ಚಕ್ರಗಳನ್ನು ತಿರುಗಿಸುತ್ತವೆ, ಮೇಲಿನವು ಪಿನಿಯನ್ನನ್ನು. ಸಮತಟ್ಟಿನಲ್ಲಿ ಕೆಳಗಿನ ಜೋಡಿ ಮಾತ್ರ ಕೆಲಸ ಮಾಡುತ್ತದೆ. ಹಲ್ಲುಪಟ್ಟಿಯ ಮೇಲೆ ಬಂದಾಗ ಕೆಳಗಿನ ಸಿಲಿಂಡರಿನಲ್ಲಿ ಒಮ್ಮೆ ದುಡಿದ ಉಗಿಯೇ ಮೇಲಿನದಕ್ಕೆ ಹೋಗಿ ಎರಡನೆಯ ಬಾರಿ ದುಡಿಯುತ್ತದೆ. ಹಿಗ್ಗಿದ ಉಗಿಗೆ ಹೆಚ್ಚು ಜಾಗ ಬೇಕಾದ್ದರಿಂದ ಸಾಮಾನ್ಯವಾಗಿ ಕಡಿಮೆ ಒತ್ತಡದ ಸಿಲಿಂಡರನ್ನು ದೊಡ್ಡದಾಗಿ ಮಾಡುತ್ತಾರೆ. ವಿಂಟರ್‌ಟೂರಿನ ಎಂಜಿನಿಯರುಗಳು ಮೇಲಿನ ಕ್ರ್ಯಾಂಕ್ (ರಾಡುಗಳ ಹಿಂದುಮುಂದಿನ ಓಡಾಟವನ್ನು ತಿರುಗಾಟವಾಗಿಸುವ ಭಾಗ) ಮತ್ತು ಪಿನಿಯನ್ನಿನ ನಡುವೆ ಗೇರ್ ಇಟ್ಟು, ಕ್ರ್ಯಾಂಕ್ ಸುಮಾರು ಎರಡು ಪಟ್ಟು ವೇಗದಲ್ಲಿ ತಿರುಗುವಂತೆ ಮಾಡಿದರು. ಅಷ್ಟೇ ಸಮಯದಲ್ಲಿ ಸಿಲಿಂಡರು ಎರಡು ಪಟ್ಟು ಬಾರಿ ತುಂಬುವುದರಿಂದ ದೊಡ್ಡ ಸಿಲಿಂಡರಿನ ಅಗತ್ಯವೇ ಬೀಳಲಿಲ್ಲ. ಒಂದು ಜೊತೆ ಗೇರಿನ ಮೂಲಕ ಹಾದ ಚಲನೆ ದಿಕ್ಕು ಬದಲಿಸುವುದರಿಂದ, ಮೇಲಿನ ರಾಡುಗಳು ಕೆಳಗಿನವುಗಳಿಗೆ ವಿರುದ್ಧ ದಿಕ್ಕಿನಲ್ಲಿ ಎರಡು ಪಟ್ಟು ಬಿರುಸಿನಿಂದ ಓಡಾಡುತ್ತವೆ. ನಾನು ನೋಡಿದ ಯಂತ್ರಗಳಲ್ಲೆಲ್ಲ ಇಷ್ಟು ಸೊಗಸಾದ ಪರಿಹಾರ ಬೇರೊಂದಿಲ್ಲ.

ಪ್ರಮಾಣದ ಆಯ್ಕೆ ಸುಲಭವಾಗಿತ್ತು. ಮಾರ್ಗ ಮೀಟರ್ ಗೇಜಿನದು, ಅಂದರೆ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರ್; 1:22.5 ಪ್ರಮಾಣದಲ್ಲಿ ಒಂದು ಮೀಟರ್ 44.4 ಮಿ.ಮೀ. ಆಗುತ್ತದೆ, ಮಾದರಿ ರೈಲಿನವರು ಬಳಸುವ 45 ಮಿ.ಮೀ. ಹಳಿಗೆ ಅದು ಸರಿಹೊಂದುತ್ತದೆ.

ಯಂತ್ರಭಾಗದ ವಿಷಯದಲ್ಲಿ ಮೂರು ದಾರಿಗಳನ್ನು ಅಳೆದು ನೋಡಿದೆ. ಒಂದೇ ಮೋಟಾರಿನಿಂದ ಚಕ್ರ ಮತ್ತು ಪಿನಿಯನ್ ಎರಡನ್ನೂ ಗೇರಿನಲ್ಲಿ ಬಿಗಿದರೆ, ಚಕ್ರದ ಸುತ್ತಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವೆರಡೂ ಒಂದನ್ನೊಂದು ಎಳೆದಾಡತೊಡಗುತ್ತವೆ. ಮೂಲ ಎಂಜಿನ್ನಿನಲ್ಲೂ ಸವೆದ ಚಕ್ರದ ವ್ಯಾಸ ಕುಗ್ಗುತ್ತಲೇ ಹೋಗುವುದರಿಂದ ಎರಡು ಯಂತ್ರಗಳನ್ನು ಒಂದಕ್ಕೊಂದು ಕಟ್ಟದೆ ಸ್ವತಂತ್ರವಾಗಿ ಬಿಡಲಾಗಿದೆ. ಎರಡನೆಯ ದಾರಿ, ಎರಡು ಮೋಟಾರುಗಳನ್ನಿಟ್ಟು ಅವುಗಳ ವೇಗವನ್ನು ವಿದ್ಯುನ್ಮಾನ ನಿಯಂತ್ರಣದಿಂದ ಹೊಂದಿಸುವುದು. ನಾನು ಆರಿಸಿಕೊಂಡದ್ದು ಮೂರನೆಯದನ್ನು: ಮೋಟಾರು ಜೋಡಿತ ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ, ಪಿನಿಯನ್ನನ್ನು ಹಲ್ಲುಪಟ್ಟಿಯೇ ಉರುಳಿಸುತ್ತದೆ. ಪಿನಿಯನ್ ಅಚ್ಚಿನ 40 ಹಲ್ಲಿನ ಗೇರು ಮೇಲಿನ ಕ್ರ್ಯಾಂಕಿನ 20 ಹಲ್ಲಿನ ಗೇರಿಗೆ ಕಚ್ಚಿಕೊಂಡಿರುವುದರಿಂದ ವೇಗವೂ ದಿಕ್ಕೂ ತಾವಾಗಿಯೇ ಸರಿಯಾಗುತ್ತವೆ. ಸಮತಟ್ಟಿನಲ್ಲಿ ಪಟ್ಟಿಯಿಲ್ಲ, ಆದ್ದರಿಂದ ಮೇಲಿನ ರಾಡುಗಳು ನಿಶ್ಚಲ. ಪಟ್ಟಿ ಸಿಕ್ಕ ಕೂಡಲೇ ಅವು ಎಚ್ಚೆತ್ತು ಓಡುತ್ತವೆ. ಇಲ್ಲಿ ಪಿನಿಯನ್ ಬಂಡಿಯನ್ನು ಎತ್ತುವುದಿಲ್ಲ ಎಂಬುದು ನಿಜ. ಆದರೆ ಮನೆಯೊಳಗಿನ ಒಣ ಹಳಿಯ ಮೇಲೆ, ಬಾಯ್ಲರಿನೊಳಗೆ ಸೀಸ ತುಂಬಿದ ಎಂಜಿನ್ನು ಹಗುರವಾದ ಮೂರು ಡಬ್ಬಿಗಳನ್ನು ತಳ್ಳಿಕೊಂಡು ಆ ಏರನ್ನು ಹತ್ತಲು ಚಕ್ರದ ಹಿಡಿತ ಸಾಕಾಗುತ್ತದೆ.

ಹಲ್ಲುಪಟ್ಟಿಯ ತಯಾರಿಕೆ ಅತ್ಯಂತ ತಾಳ್ಮೆ ಬೇಡಿದ ಕೆಲಸ. ಅಬ್ಟ್ ಪದ್ಧತಿಯಲ್ಲಿ ಹಲ್ಲಿನಿಂದ ಹಲ್ಲಿಗೆ ಸಾಮಾನ್ಯವಾಗಿ 120 ಮಿ.ಮೀ. ಅಂತರವಿರುತ್ತದೆ; ನನ್ನ ಪ್ರಮಾಣದಲ್ಲಿ ಅದು 5.3 ಮಿ.ಮೀ. ಹಿತ್ತಾಳೆ ಪಟ್ಟಿಗಳನ್ನು ಒಟ್ಟಾಗಿ ಬಿಗಿದು ಒಮ್ಮೆಗೇ ಹಲ್ಲು ಕೊರೆದರೆ ಎಲ್ಲವುಗಳ ಅಂತರವೂ ಒಂದೇ ಆಗಿರುತ್ತದೆ. ಬಿಡಿಬಿಡಿಯಾಗಿ ಕೊರೆದರೆ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಜೋಡಿಸುವಾಗ ಒಂದು ಪಟ್ಟಿಯನ್ನು ಅರ್ಧ ಹಲ್ಲಿನಷ್ಟು ಮುಂದಕ್ಕೆ ಸರಿಸಿ, ಎರಡರ ಕೂಡುಗಳೂ ಒಂದೇ ಜಾಗದಲ್ಲಿ ಬರದಂತೆ ನೋಡಿಕೊಂಡೆ. ಪಿನಿಯನ್ನನ್ನೂ ಅರ್ಧ ಹಲ್ಲು ಸರಿಸಿ ಬೆಸೆದ ಎರಡು ತಟ್ಟೆಗಳಿಂದಲೇ ಮಾಡಿದೆ.

ಪಿನಿಯನ್ನಿನ ಎತ್ತರ ಇನ್ನೊಂದು ಸೂಕ್ಷ್ಮ. ಸ್ಪ್ರಿಂಗಿನ ಮೇಲೆ ಕೂತ ಮುಖ್ಯ ಚೌಕಟ್ಟಿಗೆ ಅದನ್ನು ಕಟ್ಟಿದರೆ ಚೌಕಟ್ಟು ಏರಿಳಿದಂತೆ ಹಲ್ಲುಗಳ ಕಚ್ಚುವಿಕೆಯೂ ಬದಲಾಗುತ್ತದೆ. ಆದ್ದರಿಂದ ನೇರವಾಗಿ ಎರಡು ಚಕ್ರದ ಅಚ್ಚುಗಳ ಮೇಲೆ ಕೂರುವ ಒಂದು ಪುಟ್ಟ ಚೌಕಟ್ಟು ಮಾಡಿ, ಪಿನಿಯನ್ನನ್ನೂ ಮೇಲಿನ ಕ್ರ್ಯಾಂಕನ್ನೂ ಅದರಲ್ಲೇ ಕೂರಿಸಿದೆ. ಹಲ್ಲುಪಟ್ಟಿ ಆರಂಭವಾಗುವ ಜಾಗದಲ್ಲಿ ಮೊದಲ ತುಂಡಿನ ಹಲ್ಲುಗಳನ್ನು ಅರದಿಂದ ತಗ್ಗಿಸಿ, ಅಡಿಯಲ್ಲಿ ಫಾಸ್ಫರ್ ಬ್ರಾಂಜ್ ಪಟ್ಟಿಯನ್ನು ಸ್ಪ್ರಿಂಗಿನಂತೆ ಇಟ್ಟೆ. ಪಿನಿಯನ್ನಿನ ಹಲ್ಲು ಪಟ್ಟಿಯ ಹಲ್ಲಿನ ನೆತ್ತಿಗೆ ಬಡಿದರೆ ಆ ತುಂಡು ತುಸು ಕೆಳಗೆ ಬಾಗಿ, ಸಂದು ಸಿಕ್ಕ ತಕ್ಷಣ ಮೇಲೆದ್ದು ಕಚ್ಚಿಕೊಳ್ಳುತ್ತದೆ. ನಿಜವಾದ ಹಲ್ಲುಹಳಿಗಳ ಪ್ರವೇಶದಲ್ಲೂ ಸ್ಪ್ರಿಂಗಿನ ಆಧಾರವಿರುವ ಇಂಥ ತುಂಡು ಇರುತ್ತದೆ, ಎಂಜಿನ್ನು ಅಲ್ಲಿಗೆ ನಿಧಾನವಾಗಿಯೇ ಬರುತ್ತದೆ.

ಹೊರಕವಚಕ್ಕೆ ಮುನ್ನ ಯಾವ ಕಾಲದ ಎಂಜಿನ್ ಎಂಬುದನ್ನು ತೀರ್ಮಾನಿಸಲೇಬೇಕು. ಇತ್ತೀಚಿನ ದಶಕಗಳಲ್ಲಿ ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಏರ್ಪಾಡು ಬಂದಿದೆ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಎಣ್ಣೆ ಉರಿಸುವ ಹೊಸ ಎಕ್ಸ್ ಎಂಜಿನ್ನುಗಳೂ ತಯಾರಾದವು. ಬೇರೆ ಬೇರೆ ಕಾಲದ ಚಿತ್ರಗಳನ್ನು ಬೆರೆಸಿ ಕಟ್ಟಿದರೆ ಎಂದೂ ಇಲ್ಲದಿದ್ದ ಎಂಜಿನ್ನೊಂದು ಹುಟ್ಟುತ್ತದೆ. ನಾನು ಕಲ್ಲಿದ್ದಲಿನ ಕೊನೆಯ ವರ್ಷಗಳನ್ನು, ನೀಲಿ ಬಣ್ಣವನ್ನು ಆರಿಸಿಕೊಂಡೆ. ತಗಡು ಕತ್ತರಿಸಿ ಬೆಸೆಯುವ ಕೆಲಸ ಬೇರೆ ಯಾವ ಮಾದರಿಯಲ್ಲೂ ಇರುವಂಥದ್ದೇ, ಅದನ್ನಿಲ್ಲಿ ವಿವರಿಸುವುದಿಲ್ಲ.

ಧ್ವನಿಯ ಬಗ್ಗೆ ಮಾತ್ರ ಹೇಳಲೇಬೇಕು. ಸಮತಟ್ಟಿನಲ್ಲಿ ಕೆಳಗಿನ ಎರಡು ಸಿಲಿಂಡರುಗಳ ಉಗಿ ನೇರವಾಗಿ ಹೊಗೆ ಕೊಳವೆಗೆ ಹೋಗುವುದರಿಂದ ಚಕ್ರ ಒಮ್ಮೆ ತಿರುಗಿದರೆ ನಾಲ್ಕು ಬಾರಿ ಉಗಿಯ ಸದ್ದು ಕೇಳುತ್ತದೆ. ಹಲ್ಲುಪಟ್ಟಿಯ ಮೇಲೆ ಉಗಿ ಹೊರಬೀಳುವುದು ಮೇಲಿನ ಸಿಲಿಂಡರುಗಳಿಂದ. ಅವುಗಳ ಕ್ರ್ಯಾಂಕ್ ಎರಡು ಪಟ್ಟು ವೇಗದಲ್ಲಿರುವುದರಿಂದ ಎಂಜಿನ್ನು ನಿಧಾನವಾಗಿ ತೆವಳುತ್ತಿದ್ದರೂ ಸದ್ದು ಅವಸರದಿಂದ ಬರುತ್ತದೆ. ಧ್ವನಿ ಸಾಧನಕ್ಕೆ ಸಂಕೇತ ಕೊಡಲು ಚಕ್ರದ ಅಚ್ಚಿಗೊಂದು, ಮೇಲಿನ ಕ್ರ್ಯಾಂಕಿಗೊಂದು ಅಯಸ್ಕಾಂತದ ಗುಂಪು ಅಂಟಿಸಿ, ಮೇಲಿನದು ತಿರುಗುತ್ತಿರುವಾಗ ಕೆಳಗಿನ ಸಂಕೇತ ಮುಚ್ಚಿಹೋಗುವಂತೆ ತಂತಿ ಜೋಡಿಸಿದ್ದೇನೆ. ಇಳಿಯುವಾಗ ಇದು ಸಲ್ಲದು, ಏಕೆಂದರೆ ಆಗ ಮೂಲ ಎಂಜಿನ್ನು ಉಗಿಯಿಂದ ದುಡಿಯುವುದಿಲ್ಲ, ಸಿಲಿಂಡರುಗಳನ್ನೇ ತಡೆಯಾಗಿ ಬಳಸಿಕೊಂಡು ಇಳಿಯುತ್ತದೆ. ಹಾಗಾಗಿ ಹಿಮ್ಮುಖ ಚಲನೆಗೆ ಬೇರೆಯದೇ ಧ್ವನಿಮುದ್ರಣವನ್ನು ಈಗ ಸಿದ್ಧಪಡಿಸುತ್ತಿದ್ದೇನೆ.