ಮಂಡಿಯುದ್ದದ ಹಿಮ

ಪುಣೆಯಲ್ಲಿ ನಾವು ನಾಲ್ಕು ಜನ ಕನ್ನಡದವರು. ವರ್ಷವಿಡೀ ಸಿಂಹಗಡ ಹತ್ತಿಳಿದು ಕಾಲು ಗಟ್ಟಿ ಮಾಡಿಕೊಳ್ಳುತ್ತೇವೆ. ಡಿಸೆಂಬರ್‌ನಲ್ಲಿ ಮನಾಲಿ ಕಡೆ ಹೋಗುತ್ತೇವೆ. ಈ ಸಲ ಹೊರಡುವ ಮೊದಲು, ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಹುಬ್ಬಳ್ಳಿಯ ಗೆಳೆಯ ಕೇಳಿದ: "ಮಂಡಿಮಟ ಹಿಮ ಇರೂದಿಲ್ಲ. ಹಿಮಕುಸಿತದ ಭಯ ಯಾಕ್ರೀ?"

ಒಳಗಿಂದ ಮಣೆ ತಂದೆ. ಸಕ್ಕರೆ ಹರಡಿ, ಮೇಲೆ ಗೋಧಿ ಹಿಟ್ಟು ಸುರಿದು, ಅಂಗೈಯಿಂದ ಒತ್ತಿದೆ. ಒಂದು ತುದಿ ನಿಧಾನಕ್ಕೆ ಎತ್ತಿದೆ. ಹಿಟ್ಟು ಹಪ್ಪಳದ ಹಾಗೆ ಇಡಿಯಾಗಿ ಜಾರಿತು.

ಸೀಸನ್ ಶುರುವಿನ ಹಿಮದಲ್ಲಿ ಆ ಸಕ್ಕರೆಯಂಥ ಪದರ ತಾನಾಗಿಯೇ ಹುಟ್ಟುತ್ತದೆ. ನೆಲ ಸುಮಾರು 0 ಡಿಗ್ರಿ ಇರುತ್ತದೆ. ಮೇಲ್ಮೈ ಮೈನಸ್ 15 ಇದ್ದು, ನಡುವೆ ಅರ್ಧ ಮೀಟರ್ ಹಿಮ ಅಂದರೆ ಮೀಟರಿಗೆ 30 ಡಿಗ್ರಿ ವ್ಯತ್ಯಾಸ. ಸುಮಾರು 10 ದಾಟಿದರೇ ಕಣಗಳ ನಡುವಿನ ಅಂಟು ಹೋಗಿ ಉದುರು ಹರಳುಗಳಾಗುತ್ತವೆ. ಅದೇ ಚಳಿಗೆ ಎರಡು ಮೀಟರ್ ಹಿಮವಿದ್ದರೆ ವ್ಯತ್ಯಾಸ ಏಳೂವರೆ ಮಾತ್ರ. ಅದಕ್ಕೇ ನನಗೆ ತೆಳು ಹಿಮದ ಭಯ ಜಾಸ್ತಿ.

ಮನಾಲಿ ಹತ್ತಿರದ ಸೋಲಂಗ್ ಮೇಲೆ ನಾವು ದಾಟಬೇಕಿದ್ದ ಇಳಿಜಾರು ಉತ್ತರಕ್ಕೆ ಮುಖ ಮಾಡಿತ್ತು. ಫೋನಿನಲ್ಲಿ ಅಳೆದರೆ 34 ಡಿಗ್ರಿ. 30ರಿಂದ 45ರ ನಡುವೆಯೇ ಹೆಚ್ಚು ಕುಸಿಯುವುದು. ಹಾಗಾಗಿ ಅದೇ ದಿಕ್ಕಿನ, 25 ಡಿಗ್ರಿಯ ಪುಟ್ಟ ಜಾಗದಲ್ಲಿ, ಹಿಮದ ಪದರ ನೋಡಲು ಗುಂಡಿ ತೋಡಿದೆವು. ತಳದ ಒಂದು ಗೇಣು ಹಿಮ ಕೈಗವಸಿನಿಂದ ಸುರಿದುಹೋಯಿತು. ಗೆಳೆಯ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಪದರ.

30 ಸೆಂಟಿಮೀಟರ್ ಚೌಕದ ಹಿಮದ ಕಂಬ ಕಡಿದು, ಮೇಲೆ ಸಲಿಕೆ ಇಟ್ಟು ತಟ್ಟಿದೆ. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಆಮೇಲೆ ಭುಜದಿಂದ ಹತ್ತು ಅಂತ ಲೆಕ್ಕ. ಹದಿಮೂರನೆಯ ಏಟಿಗೇ ಪದರ ಜಾರಿ ಬಂತು. ಇಪ್ಪತ್ತು ಹೆಜ್ಜೆ ಆಚೆ ಇನ್ನೊಂದು ಗುಂಡಿಯಲ್ಲಿ ಮೂವತ್ತಕ್ಕೂ ಜಗ್ಗಲಿಲ್ಲ. ತೆಳು ಹಿಮ ಹೀಗೇ, ಹೆಜ್ಜೆಗೊಂದು ಥರ. ಒಳ್ಳೆಯ ಫಲ ಕೊಟ್ಟ ಗುಂಡಿಯನ್ನು ನಾನು ನಂಬುವುದಿಲ್ಲ.

ಅಷ್ಟರಲ್ಲಿ ಕಾಲಡಿ 'ಧುಮ್' ಅಂತ ಸದ್ದಾಯಿತು. ಒಳಗಿನ ಪದರ ಕುಸಿದ ಸದ್ದು ಅದು. ಇದು ಕೇಳಿದ ಮೇಲೆ ಬೇರೆ ಪರೀಕ್ಷೆ ಬೇಡ.

"ಬಂಡೆಗಳು ಹಿಮವನ್ನ ಹಿಡಕೊಂಡಿರ್ತಾವಲ್ವಾ?" ಅಂದ ಗೆಳೆಯ. ಇಲ್ಲ. ಅರ್ಧ ಮುಳುಗಿದ ಬಂಡೆಯ ಸುತ್ತಲೇ ಹಿಮ ಇನ್ನೂ ತೆಳು, ಇನ್ನೂ ಸಡಿಲ. ಕುಸಿತ ಚಿಕ್ಕದಾದರೂ ನಮ್ಮನ್ನು ಎಳೆದೊಯ್ದು ಅದೇ ಬಂಡೆಗಳಿಗೆ ಬಡಿಯುತ್ತದೆ.

ದಾಟಲಿಲ್ಲ. ಒಬ್ಬೊಬ್ಬರಾಗಿ, ಬಂದ ಹೆಜ್ಜೆಗುರುತಲ್ಲೇ ವಾಪಸಾಗಿ, ಕೆಳಗೆ ದೇವದಾರು ಮರಗಳ ನಡುವಿನ ದಾರಿ ಹಿಡಿದೆವು. ಈಗ ಭಾನುವಾರ ಬೆಳಿಗ್ಗೆ ಪುಣೆಯ ವೇತಾಳ ಟೇಕಡಿ ಗುಡ್ಡದ ಒಣ ಹುಲ್ಲಲ್ಲಿ, ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಟ್ರಾನ್ಸೀವರ್ ಬಚ್ಚಿಟ್ಟು ಹುಡುಕುತ್ತೇವೆ. ಗಡಿಯಾರ ಹಿಡಿಯುವುದು ಹುಬ್ಬಳ್ಳಿಯ ಗೆಳೆಯ.